ವಿಚಾರ ಊರು ದಾಟುವಾಗ ಉದುರುವುದೇನು?

ಎರಡು ವರ್ಷದ ಹಿಂದೆ, ಜೂನ್ ಮೊದಲ ವಾರ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಅಡಿಕೆಗೆ ಮದ್ದು ಬಿಡುವವರು ಬೆಳಗ್ಗೆ ಎಂಟಕ್ಕೇ ಬಂದು ಪಂಪು ಜೋಡಿಸುತ್ತಿದ್ದರು. ಬೋರ್ಡೋ ದ್ರಾವಣ, ಅಂದರೆ ಅಡಿಕೆಯ ಕೊಳೆರೋಗ ತಡೆಯುವ ಮದ್ದು, ಅದನ್ನು ಕಲಸುವ ಕೆಲಸ ಆ ವರ್ಷ ಮೊದಲ ಸಲ ನನ್ನ ಪಾಲಿಗೆ ಬಂತು. ಅಪ್ಪನಿಗೆ ಮೊಣಕಾಲು ನೋವು, ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನನ್ನ ಕೈಯಲ್ಲಿ ಫೋನು, ಅದರಲ್ಲಿ ಯಾರೋ ವಾಟ್ಸಾಪಿಗೆ ಕಳಿಸಿದ ಒಂದೇ ಸಾಲು: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು.

ಅದರಂತೆಯೇ ಮಾಡಿದೆ. ತುತ್ತನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿದೆ, ಸುಣ್ಣವನ್ನು ಇನ್ನೊಂದರಲ್ಲಿ ಕದಡಿದೆ, ಎರಡನ್ನೂ ಸೇರಿಸಿದೆ. ಒಳ್ಳೆ ಆಕಾಶನೀಲಿ ಬಣ್ಣ ಬಂತು. ಅಪ್ಪ ಕೂತಲ್ಲಿಂದಲೇ ಹಳೇ ಪೀಶಕತ್ತಿ ತರಲು ಹೇಳಿದರು. ಅಡುಗೆಮನೆಯ ಮೂಲೆಯಲ್ಲಿ ಬಿದ್ದಿರುವ, ಹಿಡಿ ಸವೆದ ಸಣ್ಣ ಚಾಕು ಅದು. ಅದರ ತುದಿಯನ್ನು ನೀಲಿ ನೀರಿಗೆ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಲು ಹೇಳಿದರು. ತೆಗೆದಾಗ ತುದಿ ಕೆಂಪಗಾಗಿತ್ತು. ತಾಮ್ರದ ಚೊಂಬಿನ ಬಣ್ಣ.

"ಸುಣ್ಣ ಸಾಕಾಯಿದಿಲ್ಲೆ. ಇನ್ನೂ ರಜ ಹಾಕು" ಅಂದರು. ನಮ್ಮ ಹವ್ಯಕ ಮಾತಿನಲ್ಲಿ ರಜ ಅಂದರೆ ಸ್ವಲ್ಪ.

ಆಗಿದ್ದು ಇಷ್ಟೇ. ಸುಣ್ಣದ ಚೀಲ ಹಿಂದಿನ ವರ್ಷದ್ದು, ಬಾಯಿ ಬಿಚ್ಚಿಟ್ಟದ್ದು. ಗಾಳಿ ತಾಗಿ ಅದರ ಶಕ್ತಿ ಕಡಿಮೆಯಾಗಿತ್ತು. ಹಾಗಾಗಿ ಒಂದು ಕಿಲೋ ಹಾಕಿದರೂ ತುತ್ತಿನ ತಾಮ್ರವನ್ನೆಲ್ಲ ಹಿಡಿದಿಡಲು ಆಗಲಿಲ್ಲ. ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣ ಸಿಕ್ಕಿದ ಕೂಡಲೇ ಹೋಗಿ ಅಂಟಿಕೊಂಡಿತು. ಅದೇ ತಾಮ್ರ ಮರದ ಮೇಲೆ ಬಿದ್ದರೆ ಎಳೆ ಕಾಯಿ ಸುಡುತ್ತದೆ. ಚಾಕು ಕೆಂಪಾಗದೇ ಹೊರಬರುವವರೆಗೆ ಸುಣ್ಣ ಹಾಕುತ್ತಾ ಹೋಗಬೇಕು.

ವಾಟ್ಸಾಪ್ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಲೆಕ್ಕದ ಜೊತೆಗೆ ಬರಬೇಕಾಗಿದ್ದ ಪರೀಕ್ಷೆ ಬರಲಿಲ್ಲ. ಬಂದಿದ್ದರೆ ಅದು ಒಂದು ಸಾಲಾಗಿ ಉಳಿಯುತ್ತಿರಲಿಲ್ಲ, ಒಂದು ಸಾಲಾಗಿ ಉಳಿಯದೇ ಇದ್ದರೆ ಅಷ್ಟು ಜನ ಅದನ್ನು ಮುಂದೆ ಕಳಿಸುತ್ತಲೂ ಇರಲಿಲ್ಲ. ಇದು ಆ ದಿನದಿಂದ ನನ್ನ ತಲೆಯಲ್ಲಿ ಕೂತಿದೆ. ಒಂದು ವಿಚಾರ ಯಾವ ರೂಪದಲ್ಲಿ ಹೊರಗೆ ಬರುತ್ತದೆ ಅನ್ನುವುದರ ಮೇಲೆ ಅದು ಎಷ್ಟು ದೂರ ಹೋಗುತ್ತದೆ ಅನ್ನುವುದು ಮಾತ್ರ ಅಲ್ಲ, ಹೋಗುವಾಗ ಅದರ ಯಾವ ತುಂಡು ದಾರಿಯಲ್ಲಿ ಬೀಳುತ್ತದೆ ಅನ್ನುವುದೂ ನಿಂತಿದೆ. ಈ ಲೇಖನ ಅದರ ಬಗ್ಗೆ.

ಬೋರ್ಡೋ ದ್ರಾವಣದ್ದೇ ದಾರಿ ನೋಡಿ. ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟಗಳಲ್ಲಿ ದಾರಿಹೋಕರು ಹಣ್ಣು ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗಳಿಗೆ ತುತ್ತು, ಸುಣ್ಣ ಬೆರೆಸಿ ಚಿಮುಕಿಸುತ್ತಿದ್ದರು. 1882ರಲ್ಲಿ ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ, ರೋಗ ಬಂದ ವರ್ಷದಲ್ಲೂ ಆ ಬಳ್ಳಿಗಳ ಎಲೆ ಮಾತ್ರ ಉಳಿದದ್ದನ್ನು ಗಮನಿಸಿದರು. ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಇತ್ತ ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಕೃಷಿ ಇಲಾಖೆಯ ಬುಲೆಟಿನ್ ಬರೆದರು, ಬೋರ್ಡೋ ದ್ರಾವಣವನ್ನೇ ಅದಕ್ಕೆ ಮದ್ದು ಅಂದರು. ರೋಗಕ್ಕೆ ನಮ್ಮವರು ಇಟ್ಟ ಹೆಸರನ್ನೇ ಇಂಗ್ಲಿಷಿನಲ್ಲೂ ಉಳಿಸಿಕೊಂಡರು, ಕೊಳೆರೋಗ ಅಂತಲೇ. ಅಲ್ಲಿಂದ ಮುಂದೆ ಬುಲೆಟಿನ್ ಓದದ ಸಾವಿರಾರು ತೋಟಗಳಿಗೆ ಈ ಮದ್ದು ಬಂದದ್ದು ಬಾಯಿಮಾತಿನಿಂದ, ಪಕ್ಕದ ತೋಟ ನೋಡಿ, ಕೊನೆಗೆ ಒಂದು-ಒಂದು-ನೂರು ಅನ್ನುವ ಲೆಕ್ಕವಾಗಿ.

ಪ್ರಬಂಧ, ಬುಲೆಟಿನ್, ಬಾಯಿಮಾತು, ಒಂದು ಸಾಲು. ನಾಲ್ಕರಲ್ಲೂ ಮದ್ದು ಒಂದೇ. ಆದರೆ ಪ್ರಬಂಧ ಓದುವವನು ಕೇಳುವುದು "ನಿನಗೆ ಹೇಗೆ ಗೊತ್ತಾಯಿತು?" ಅಂತ. ಅದಕ್ಕೆ ಉತ್ತರವಾಗಿ ಅಲ್ಲಿ ಪ್ರಯೋಗ, ಹೋಲಿಕೆ, ಸಂಶಯ ಎಲ್ಲ ಇರುತ್ತದೆ. ಒಂದು ಸಾಲು ಓದುವವನು ಕೇಳುವುದು "ನಾನೇನು ಮಾಡಬೇಕು?" ಅಂತ. ಮಳೆ ಬರುವ ಮೊದಲು ಮದ್ದು ಬಿಟ್ಟು ಮುಗಿಸಬೇಕಾದ ಕೃಷಿಕನಿಗೆ ಎರಡನೇ ಪ್ರಶ್ನೆಯೇ ಮುಖ್ಯ. ಅದು ತಪ್ಪೂ ಅಲ್ಲ. ಆದರೆ ಸುಣ್ಣ ಹಳತಾದ ದಿನ ಮೊದಲನೇ ಪ್ರಶ್ನೆಯ ಉತ್ತರ ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅದು ಅಪ್ಪನ ತಲೆಯಲ್ಲಿ ಇತ್ತು, ಫೋನಿನಲ್ಲಿ ಇರಲಿಲ್ಲ.

ರೂಪ ಅಂದಾಗ ನಾನು ಪುಸ್ತಕವೋ ಪತ್ರಿಕೆಯೋ ಅಂತ ಮಾತ್ರ ಹೇಳುತ್ತಿಲ್ಲ. ಎಷ್ಟು ಉದ್ದ ಬರೆಯಬಹುದು, ಎಷ್ಟು ಖರ್ಚು, ಎಷ್ಟು ದಿನದಲ್ಲಿ ಓದುಗನ ಕೈ ಸೇರುತ್ತದೆ, ಹತ್ತು ವರ್ಷದ ಮೇಲೆ ಹುಡುಕಿದರೆ ಸಿಗುತ್ತದಾ, ಓದಿದವನು ಎದುರುಮಾತು ಹೇಳಬೇಕೆಂದರೆ ಜಾಗ ಇದೆಯಾ, ಇವೆಲ್ಲ ಸೇರಿದ್ದು ರೂಪ. ಕೊನೆಯದನ್ನು ನಾನು ಜಾಸ್ತಿ ಮುಖ್ಯ ಅಂದುಕೊಂಡಿದ್ದೇನೆ. ಯಾಕೆ ಅಂತ ಹೇಳಲು ಯಕ್ಷಗಾನದ ಕಡೆ ಹೋಗಬೇಕು.

ನಮ್ಮ ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ಮೊದಲು ಇದ್ದದ್ದು ತಾಳೆಗರಿಯಲ್ಲಿ. ಒಂದು ಗರಿಯ ಅಗಲ ಎಷ್ಟು? ಮೂರು ನಾಲ್ಕು ಬೆರಳು. ಕಬ್ಬಿಣದ ಕಂಟದಲ್ಲಿ ಕೊರೆದು ಬರೆಯಬೇಕು, ಆಮೇಲೆ ಮಸಿ ಹಚ್ಚಿ ಒರೆಸಬೇಕು. ನಮ್ಮ ಮಳೆಗೆ, ಹುಳಕ್ಕೆ ಗರಿ ಬಾಳಿಕೆ ಬರುವುದಿಲ್ಲ, ಕೆಲವು ತಲೆಮಾರಿಗೊಮ್ಮೆ ಯಾರಾದರೂ ಕೂತು ಪೂರಾ ಪ್ರತಿ ಮಾಡಬೇಕು. ಅಂದರೆ ಯಾರಿಗೂ ಬೇಡವಾದ ಗ್ರಂಥ ತಾನಾಗಿಯೇ ಸಾಯುತ್ತದೆ. ಅದನ್ನು ಸುಡಬೇಕಾಗಿಲ್ಲ, ಪ್ರತಿ ಮಾಡದೇ ಬಿಟ್ಟರೆ ಸಾಕು. ಇಷ್ಟು ಕಷ್ಟದ ಜಾಗದಲ್ಲಿ ಮಾತು ಬಿಗಿಯಾಗುತ್ತದೆ, ಪದ್ಯವಾಗುತ್ತದೆ. ಪದ್ಯವಾದರೆ ನೆನಪಿನಲ್ಲೂ ನಿಲ್ಲುತ್ತದೆ, ಗರಿ ಹೋದರೂ ಬಾಯಲ್ಲಿ ಉಳಿಯುತ್ತದೆ.

ಆದರೆ ಪ್ರಸಂಗದಲ್ಲಿ ವಾದ ಇಲ್ಲ. ಪದ್ಯ ಮಾತ್ರ ಇದೆ. ವಾದ ಹುಟ್ಟುವುದು ವೇಷ, ಕುಣಿತ ಇಲ್ಲದೇ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ, ಪದ್ಯಕ್ಕೆ ಮಾತು ಕಟ್ಟುವ ಅರ್ಥಧಾರಿಯ ಬಾಯಲ್ಲಿ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನೆ ಮಾಡುವ ಸಂದರ್ಭ ಎಲ್ಲರಿಗೂ ಗೊತ್ತಲ್ಲ. ಪುಸ್ತಕದಲ್ಲಿ ಅದು ಕೆಲವೇ ಪದ್ಯ. ಕೂಟದಲ್ಲಿ ಅದು ಗಂಟೆಗಟ್ಟಲೆ ನಡೆಯುತ್ತದೆ. ಧರ್ಮ ಯಾವುದು, ರಾಜನ ಅಧಿಕಾರ ಎಲ್ಲಿಯವರೆಗೆ, ಕಾಡಿನವರಿಗೆ ಊರಿನವರ ಕಾನೂನು ಹಾಕಬಹುದಾ, ಎಲ್ಲವೂ ಬರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು ನಮ್ಮ ಕಾಸರಗೋಡಿನವರು. ಅವರ ವಾಲಿ, ಅವರ ರಾವಣ ಕೇಳಿದ ಹಿರಿಯರು ಇವತ್ತಿಗೂ ಆ ಮಾತುಗಳನ್ನು ನೆನಪು ಮಾಡಿಕೊಳ್ಳುತ್ತಾರೆ. ಆ ರೂಪದ ಗುಣ ಏನೆಂದರೆ ಒಬ್ಬನೇ ಮಾತಾಡಿ ಮುಗಿಸಲು ಆಗುವುದಿಲ್ಲ. ಎದುರಿಗೆ ಇನ್ನೊಬ್ಬ ಕೂತಿರುತ್ತಾನೆ. ನೀವು ಹೇಳಿದ ಮಾತಿನ ಸಡಿಲ ಗಂಟು ಯಾವುದೋ ಅದನ್ನೇ ಹಿಡಿದು ಎಳೆಯುತ್ತಾನೆ. ಸೋಲುವ ಪಾತ್ರಕ್ಕೂ ಪೂರ್ತಿ ಮಾತಾಡುವ ಹಕ್ಕು ಇದೆ. ಎದುರುಮಾತಿಗೆ ಇಷ್ಟು ದೊಡ್ಡ ಜಾಗ ಇಟ್ಟ ಇನ್ನೊಂದು ರೂಪ ನನಗೆ ಗೊತ್ತಿಲ್ಲ, ಮನಸ್ಸಿಟ್ಟು ಹೇಳುತ್ತೇನೆ.

ಅದರ ದೋಷವೂ ಅಷ್ಟೇ ದೊಡ್ಡದು. ಬೆಳಗಾದರೆ ಮುಗಿಯಿತು. ಆ ರಾತ್ರಿ ಹುಟ್ಟಿದ ವಾದ ಕೇಳಿದವರ ತಲೆಯಲ್ಲಿ ಉಳಿದಷ್ಟೇ ಉಳಿಯಿತು. ಆಮೇಲೆ ಕ್ಯಾಸೆಟ್ ಬಂತು. ಅದರಿಂದ ಎಷ್ಟೋ ಅರ್ಥ ಉಳಿಯಿತು, ಅದಕ್ಕೆ ನಾವು ಋಣಿಗಳು. ಆದರೆ ಕ್ಯಾಸೆಟ್ ಅರುವತ್ತು ನಿಮಿಷದ್ದು ಇಲ್ಲಾ ತೊಂಬತ್ತು ನಿಮಿಷದ್ದು, ಅದಕ್ಕೆ ಎರಡು ಮಗ್ಗುಲು. ರಾತ್ರಿಯಿಡೀ ಹರಡಿಕೊಳ್ಳುವ ಮಾತನ್ನು ಅದರಲ್ಲಿ ಕೂರಿಸಬೇಕೆಂದರೆ ಎಲ್ಲೋ ಕತ್ತರಿಸಲೇಬೇಕು.

ಅಚ್ಚಿನ ಕಡೆ ಬರೋಣ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, ನಮಗೆ ಹತ್ತಿರದ ಪೇಟೆಯಲ್ಲೇ 1843ರ ಜುಲೈ 1ರಂದು ಹೊರಟದ್ದು, ಹರ್ಮನ್ ಮೊಗ್ಲಿಂಗ್ ಸಂಪಾದಕರು. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮರುವರ್ಷವೇ ಅಕ್ಷರದ ಮೊಳೆ ಇರುವ ಬಳ್ಳಾರಿಯ ಮುದ್ರಣಾಲಯಕ್ಕೆ ಹೋಯಿತು, ಹೆಸರೂ ಬದಲಾಯಿತು. ಆದರೆ ಅಚ್ಚು ವಿಚಾರಕ್ಕೆ ಏನು ಮಾಡುತ್ತದೆ ಅಂತ ನೋಡಲು ನನಗೆ ಪತ್ರಿಕೆಗಿಂತ ವಚನಗಳ ಕಥೆ ಒಳ್ಳೆಯದು ಅನಿಸುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹನ್ನೆರಡನೇ ಶತಮಾನದ ವಚನಗಳು ಮಠಗಳಲ್ಲಿ, ಮನೆಗಳಲ್ಲಿ ತಾಳೆಗರಿ ಕಟ್ಟುಗಳಾಗಿ ಇದ್ದವು. ಹದಿನೈದನೇ ಶತಮಾನದ ಹೊತ್ತಿಗೆ ಶೂನ್ಯಸಂಪಾದನೆ ಅನ್ನುವ ಸಂಕಲನ ಬಂತು. ಅದರಲ್ಲಿ ವಚನಗಳನ್ನು ಸಂಭಾಷಣೆಯ ಹಾಗೆ ಜೋಡಿಸಿದ್ದಾರೆ. ಅಲ್ಲಮ ಒಂದು ಮಾತು ಹೇಳುತ್ತಾನೆ, ಇನ್ನೊಬ್ಬ ಶರಣ ಉತ್ತರ ಕೊಡುತ್ತಾನೆ. ಅಲ್ಲಿ ಒಂದು ವಚನ ಅಂದರೆ ವಾದದ ನಡುವಿನ ಒಂದು ಹೆಜ್ಜೆ.

ನಂತರ ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರ ಅಚ್ಚಾಯಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು, ಮರುವರ್ಷ ಶಿವಾನುಭವ ಪತ್ರಿಕೆ ತಂದರು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದ್ದರು. ಆ ಪುಸ್ತಕದ ಹೆಸರಿನಲ್ಲೇ ಶಾಸ್ತ್ರ ಅನ್ನುವ ಮಾತಿದೆ ನೋಡಿ. ವಚನಗಳನ್ನು ವಿಷಯಕ್ಕೆ ತಕ್ಕ ಹಾಗೆ ವಿಂಗಡಿಸಿ, ಇದರಲ್ಲಿ ಒಂದು ತತ್ವವ್ಯವಸ್ಥೆ ಇದೆ ಅಂತ ಓದುಗನಿಗೆ ತೋರಿಸಿದ ಪುಸ್ತಕ ಅದು. ಅಲ್ಲಿ ಒಂದು ವಚನ ಅಂದರೆ ಒಂದು ತತ್ವಕ್ಕೆ ಆಧಾರ. ಮುಂದೆ ಒಬ್ಬೊಬ್ಬ ವಚನಕಾರರ ವಚನಗಳನ್ನು ಬೇರೆ ಬೇರೆಯಾಗಿ ಸಂಪಾದಿಸಿದ ಪುಸ್ತಕಗಳು ಬಂದವು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ತಂದಿತು. ಈಗ ಅದೇ ವಚನ ಒಬ್ಬ ಕವಿಯ ಕವಿತೆ. ಅಕ್ಕನದು ಅಕ್ಕನ ದನಿ, ಅಲ್ಲಮನದು ಅಲ್ಲಮನ ದನಿ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಹೀಗೆ.

ಅಕ್ಷರ ಹೆಚ್ಚೇನೂ ಬದಲಾಗಿಲ್ಲ. ಜೋಡಣೆ ಬದಲಾಯಿತು, ವಚನ ಅಂದರೆ ಏನು ಅನ್ನುವುದೇ ಬದಲಾಯಿತು.

ಇದರ ಕೊನೆಯ ಹಂತ ಗೋಡೆಬರಹ. "ಕಾಯಕವೇ ಕೈಲಾಸ". ಆಫೀಸು, ಶಾಲೆ, ಬಸ್‌ಸ್ಟ್ಯಾಂಡ್ ಎಲ್ಲ ಕಡೆ ಇದೆ, ಕೆಳಗೆ ಬಸವಣ್ಣ ಅಂತ ಬರೆದಿರುತ್ತಾರೆ. ಈ ಮಾತು ಬರುವ ಪ್ರಸಿದ್ಧ ವಚನ ಆಯ್ದಕ್ಕಿ ಮಾರಯ್ಯನದು. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ಬದುಕಿದ ಶರಣ ಅವನು. ಪೂರ್ತಿ ವಚನ ಓದಿದರೆ ಮೈ ಜುಮ್ಮೆನ್ನುತ್ತದೆ. ಕೆಲಸದಲ್ಲಿ ಮುಳುಗಿದವನು ಗುರು ಎದುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ಬಂದು ನಿಂತರೂ ಹಂಗು ಬಿಡಬೇಕು ಅನ್ನುತ್ತಾನೆ. ಅಂದಿನ ಭಕ್ತಿಯ ಜಗತ್ತಿನಲ್ಲಿ ಇದು ಎಂಥ ಮಾತು! ಗೋಡೆಗೆ ಬರುವಾಗ ಎರಡು "ಮರೆಯಬೇಕು"ಗಳೂ ಹಂಗು ಬಿಡುವ ಮಾತೂ ಬಿದ್ದುಹೋದವು, ಹೇಳಿದವನ ಹೆಸರೂ ಬಿದ್ದುಹೋಯಿತು. ಉಳಿದದ್ದು ಚೆನ್ನಾಗಿ ದುಡಿಯಿರಿ ಅನ್ನುವ ಬುದ್ಧಿಮಾತು. ಒಬ್ಬ ಬಡವ ತನ್ನ ದುಡಿಮೆಯ ಘನತೆಗಾಗಿ ಆಡಿದ ಮಾತು ಈಗ ದುಡಿಸುವವರ ಗೋಡೆಯ ಮೇಲೆ ಇದೆ. ಇದು ನನಗೆ ನಿಜವಾಗಿಯೂ ನೋವು ಕೊಡುತ್ತದೆ.

ಹಾಗಂತ ಚಿಕ್ಕ ರೂಪ ಕೆಟ್ಟದ್ದು, ದೊಡ್ಡ ಪುಸ್ತಕ ಒಳ್ಳೆಯದು ಅಂತ ತೀರ್ಮಾನ ಮಾಡಬೇಡಿ. ಆ ಎರಡು ಪದ ಇಲ್ಲದಿದ್ದರೆ ಮಾರಯ್ಯನ ವಚನದ ಕಡೆ ನಾನು ಹೋಗುತ್ತಲೇ ಇರಲಿಲ್ಲವೇನೋ. ಡಾರ್ವಿನ್ ಉದಾಹರಣೆ ನೋಡಿ. ಜೀವಿಗಳು ಹೇಗೆ ಬದಲಾಗುತ್ತಾ ಹೋಗುತ್ತವೆ ಅನ್ನುವ ವಿಚಾರವನ್ನು ಅವನು ಇಪ್ಪತ್ತು ವರ್ಷ ಮೇಜಿನಲ್ಲೇ ಇಟ್ಟುಕೊಂಡಿದ್ದ, ದೊಡ್ಡ ಗ್ರಂಥ ಬರೆಯುವ ಆಸೆ. ಅಷ್ಟರಲ್ಲಿ ವ್ಯಾಲೇಸ್ ಅನ್ನುವವನು ದೂರದ ಮಲಯ ದ್ವೀಪಗಳಿಂದ ಕಳಿಸಿದ ಬರಹದಲ್ಲಿ ಅದೇ ವಿಚಾರ ಇತ್ತು. ಅವಸರದಲ್ಲಿ ಇಬ್ಬರ ಬರಹವನ್ನೂ 1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಿದರು, ಆಮೇಲೆ ಅದರ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಚ್ಚೇನೂ ಸದ್ದಾಗಲಿಲ್ಲ. 1859ರ ಮೇ ತಿಂಗಳಲ್ಲಿ ಆ ಸಂಸ್ಥೆಯ ಅಧ್ಯಕ್ಷರು, ಕಳೆದ ವರ್ಷ ದೊಡ್ಡ ಶೋಧವೇನೂ ಆಗಲಿಲ್ಲ ಅನ್ನುವ ಅರ್ಥದ ಮಾತಾಡಿದರು.

ಅದೇ 1859ರ ನವೆಂಬರ್ 24ಕ್ಕೆ ಡಾರ್ವಿನ್ನನ ಪುಸ್ತಕ ಬಂತು, ಸುಮಾರು ಐನೂರು ಪುಟ. ಮೊದಲ ಮುದ್ರಣದ 1250 ಪ್ರತಿಗಳನ್ನು ಪುಸ್ತಕ ಮಾರಾಟಗಾರರು ಕೂಡಲೇ ಎತ್ತಿಕೊಂಡರು. ಅವನ ಮಟ್ಟಿಗೆ ಅದೂ ಸಂಕ್ಷಿಪ್ತ ರೂಪವೇ, ಬರೆಯಬೇಕೆಂದಿದ್ದ ದೊಡ್ಡ ಗ್ರಂಥ ಹಾಗೇ ಉಳಿಯಿತು. ವಿಚಾರ ಹಿಂದಿನ ವರ್ಷದ್ದೇ. ಆದರೆ ಪುಸ್ತಕದಲ್ಲಿ ಪಾರಿವಾಳ ಸಾಕುವವರ ಅನುಭವ ಇದೆ, ಜೇನು, ಇರುವೆ ಎಲ್ಲ ಇದೆ, ಮುಖ್ಯವಾಗಿ ತನ್ನ ವಾದಕ್ಕೆ ಎದುರಾಗಬಹುದಾದ ಆಕ್ಷೇಪಗಳಿಗೆ ಬೇರೆ ಅಧ್ಯಾಯವನ್ನೇ ಇಟ್ಟಿದ್ದಾನೆ. ತಾಳಮದ್ದಳೆಯ ಎದುರು ಅರ್ಥಧಾರಿಯನ್ನು ಅವನೇ ಪುಸ್ತಕದ ಒಳಗೆ ಕೂರಿಸಿಕೊಂಡ ಹಾಗೆ. ಓದುಗನ ಸಂಶಯಕ್ಕೆ ಅಲ್ಲೇ ಜಾಗ ಸಿಕ್ಕಿತು.

ಮೆಂಡೆಲ್‌ಗೆ ಆ ಭಾಗ್ಯ ಇರಲಿಲ್ಲ. ಬಟಾಣಿ ಗಿಡಗಳ ಮೇಲಿನ ಅವನ ಪ್ರಬಂಧ 1866ರಲ್ಲಿ ಬ್ರುನ್ ಪಟ್ಟಣದ ಒಂದು ಸ್ಥಳೀಯ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಬಂತು. ಬಿಡಿ ಪ್ರತಿ ಅಂತ 40 ತೆಗೆಸಿಕೊಂಡಿದ್ದ. ಸಂಚಿಕೆ ಯುರೋಪಿನ ಹಲವು ಗ್ರಂಥಾಲಯಗಳಿಗೆ ಹೋಗಿತ್ತು, ಆದರೂ 1900ರವರೆಗೆ ಅದರ ಬೆಲೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಆಗ ಅವನು ಸತ್ತು 16 ವರ್ಷ.

ಸ್ಥಳೀಯ ಸಂಘದ ಸಂಚಿಕೆ. ಈ ಮಾತು ಬರೆಯುವಾಗ ನನಗೆ ನಮ್ಮ ಊರೇ ನೆನಪಾಗುತ್ತದೆ. ಕಾಸರಗೋಡಿನ ಕನ್ನಡಿಗರ ವಿದ್ವತ್ತು ಎಲ್ಲಿ ಇದೆ ಗೊತ್ತಾ? ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಯಲ್ಲಿ. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ. ನಿವೃತ್ತ ಮೇಷ್ಟ್ರ ಅಭಿನಂದನ ಗ್ರಂಥದಲ್ಲಿ. ಕಳೆದ ವರ್ಷ ನಮ್ಮ ಅಟ್ಟ ಗುಡಿಸುವಾಗ ಅಂಥ ಒಂದು ಸಂಚಿಕೆ ಸಿಕ್ಕಿತು. ಮೊದಲ ಇಪ್ಪತ್ತು ಪುಟ ಶುಭಾಶಯ, ಆಮೇಲೆ ಅಂಗಡಿಗಳ ಜಾಹೀರಾತು, ದೇಣಿಗೆ ಕೊಟ್ಟವರ ಪಟ್ಟಿ. ಅದರ ನಡುವೆ, ಒಂದು ಜವಳಿ ಅಂಗಡಿಯ ಜಾಹೀರಾತಿನ ಎದುರು ಪುಟದಲ್ಲಿ, ನಮ್ಮ ಗ್ರಾಮದ ಸುರಂಗಗಳ ಬಗ್ಗೆ ಆರು ಪುಟದ ಲೇಖನ. ಗುಡ್ಡಕ್ಕೆ ಅಡ್ಡವಾಗಿ ಕೊರೆದು ನೀರು ತರುವ ನಮ್ಮ ಸುರಂಗ ಹೊರಗಿನವರಿಗೆ ಅಚ್ಚರಿ, ನಮಗೆ ಮನೆಯ ನಲ್ಲಿ. ಯಾವ ಗುಡ್ಡದಲ್ಲಿ ಎಷ್ಟು ಕೋಲು ಉದ್ದ, ಯಾವ ಮಣ್ಣಿನಲ್ಲಿ ಗೋಡೆ ನಿಲ್ಲುತ್ತದೆ, ಒಳಗೆ ದೀಪ ನಂದಿದರೆ ಏನರ್ಥ, ಎಲ್ಲ ಬರೆದಿದ್ದಾರೆ. ಕೊರೆದವರನ್ನೇ ಕೇಳಿ ಬರೆದದ್ದು ಅಂತ ಓದಿದರೇ ಗೊತ್ತಾಗುತ್ತದೆ. ಆ ಪುಸ್ತಕ ಊರಿನ ಮನೆಗಳಿಗೆ ಹಂಚಿಕೆಯಾಯಿತು, ಅಟ್ಟ ಸೇರಿತು. ಅಂಗಡಿಗೆ ಹೋಗಲಿಲ್ಲ, ಗ್ರಂಥಾಲಯಕ್ಕೆ ಹೋಗಲಿಲ್ಲ. ಸುರಂಗದ ಬಗ್ಗೆ ಸಂಶೋಧನೆ ಮಾಡಲು ಬರುವ ವಿದ್ಯಾರ್ಥಿಗೆ ಅದು ಇದೆ ಅಂತ ಹೇಳುವವರು ಯಾರು?

ಮಂಜೇಶ್ವರದ ಗೋವಿಂದ ಪೈಗಳ ಸಂಶೋಧನೆಗೂ ಹೀಗೇ ಆಯಿತು. ದೊಡ್ಡ ವಿದ್ವಾಂಸರು, 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿ ಅನಿಸಿಕೊಂಡವರು. ಆದರೆ ಚರಿತ್ರೆಯ ಬಗ್ಗೆ ಅವರು ಬರೆದದ್ದು ಪತ್ರಿಕೆಗಳಲ್ಲಿ, ಸಂಭಾವನಾ ಗ್ರಂಥಗಳಲ್ಲಿ ಚದುರಿಹೋಗಿತ್ತು. ಅವರು ತೀರಿಕೊಂಡದ್ದು 1963ರಲ್ಲಿ. ಆ ಲೇಖನಗಳು ಒಂದು ಸಂಪುಟದಲ್ಲಿ ಒಟ್ಟಿಗೆ ಸಿಗಲು ಓದುಗರು ಆಮೇಲೂ ಎಷ್ಟೋ ವರ್ಷ ಕಾಯಬೇಕಾಯಿತು.

ಗಡಿಯಲ್ಲಿ ಇರುವವರಿಗೆ ಇನ್ನೊಂದು ತೊಡಕು ಇದೆ. 1956ರ ನವೆಂಬರ್ 1ರಿಂದ ನಾವು ಕೇರಳದವರು. ನಾವು ಕನ್ನಡದಲ್ಲಿ ಬರೆದದ್ದನ್ನು ಮಂಗಳೂರಿನಲ್ಲಿ ಓದುತ್ತಾರೆ. ಆದರೆ ನಮ್ಮ ಬಗ್ಗೆ ತೀರ್ಮಾನ ಆಗುವುದು ತಿರುವನಂತಪುರದಲ್ಲಿ, ಅಲ್ಲಿ ಕನ್ನಡ ಓದುವವರು ಎಷ್ಟು ಜನ? ಹಾಗಾಗಿ ಇಲ್ಲಿ ಭಾಷೆಯೂ ರೂಪದ ಒಂದು ಭಾಗ. 1967ರ ಮಹಾಜನ ವರದಿಯ ಹೆಸರು ನಮ್ಮ ಮಕ್ಕಳಿಗೂ ಗೊತ್ತು, ಅದನ್ನು ಓದಿದವರು ತೀರಾ ಕಡಿಮೆ. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕು ಅನ್ನುವ ಒಂದು ಮಾತಾಗಿ ಮಾತ್ರ ಅದು ಜನರ ನಡುವೆ ಉಳಿದಿದೆ.

ಇನ್ನು ಪಡ್ರೆ. ಇದನ್ನು ಬರೆಯದೇ ಈ ವಿಷಯ ಮುಗಿಸಲು ನನ್ನಿಂದ ಆಗುವುದಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ, ನಮ್ಮ ನೆಂಟರಿಷ್ಟರು ಇರುವ ಜಾಗ. ಗುಡ್ಡಗಳ ಮೇಲಿನ ಗೇರು ತೋಟಗಳಿಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಕೆಳಗೆ ಮನೆ, ತೋಡು, ಸುರಂಗ. ಮೊದಲು ಇದು ಬರೀ ಮಾತಾಗಿತ್ತು. ಹುಟ್ಟಿದ ಕರುವಿನ ಕಾಲು ಸರಿ ಇಲ್ಲ, ಜೇನು ಕಾಣುತ್ತಿಲ್ಲ, ಆ ಮನೆಯಲ್ಲೂ ಒಂದು ಮಗು ಹಾಗೆ, ಈ ಮನೆಯಲ್ಲೂ ಹಾಗೆ. ಮಾತು ತುಳುವಿನಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತು, ಆದರೆ ಗುಡ್ಡ ಇಳಿಯುತ್ತಿರಲಿಲ್ಲ. ಮಾತಿಗೆ ತಾರೀಕು ಇಲ್ಲ, ಸಹಿ ಇಲ್ಲ. ಹಾಗಾಗಿ ಯಾರೂ ಅದಕ್ಕೆ ಉತ್ತರ ಕೊಡಬೇಕಾಗಿರಲಿಲ್ಲ.

1980ರ ದಶಕದ ಆರಂಭದಲ್ಲೇ ಪತ್ರಕರ್ತ ಶ್ರೀ ಪಡ್ರೆಯವರು ಈ ಬಗ್ಗೆ ಬರೆದರು. ಈಗ ಅದು ಅಚ್ಚಾದ ಮಾತು, ತಾರೀಕು ಇರುವ ಮಾತು. ಆದರೆ ಪತ್ರಿಕೆಯ ಆಯುಸ್ಸು ಒಂದು ದಿನ, ಒಂದು ವಾರ. ಇತ್ತ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡುತ್ತಾ, ಒಂದೇ ಸಣ್ಣ ಪ್ರದೇಶದಲ್ಲಿ ಇಷ್ಟು ಕಾಯಿಲೆ ಯಾಕೆ ಅಂತ ಕೇಳತೊಡಗಿದರು. ವೈದ್ಯರ ಮಾತಿಗೆ ಬೇರೆ ತೂಕ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಜನರ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಉಳಿಕೆಯ ಅಂಕಿಗಳನ್ನು ಪ್ರಕಟಿಸಿತು. ಇಪ್ಪತ್ತು ವರ್ಷ ಜನ ಹೇಳುತ್ತಿದ್ದದ್ದು ಈಗ ಕೋಷ್ಟಕವಾಯಿತು. ಕೋಷ್ಟಕವಾದ ಕೂಡಲೇ ಅದಕ್ಕೆ ಉತ್ತರ ಕೊಡಲೇಬೇಕಾಯಿತು. ಉತ್ತರವೂ ಕೋಷ್ಟಕದಲ್ಲೇ ಬಂತು, ಬೇರೆ ಪ್ರಯೋಗಾಲಯ, ಬೇರೆ ಅಂಕಿ, ಬೇರೆ ಸಮಿತಿ. ವಾದ ವರ್ಷಗಟ್ಟಲೆ ಎಳೆಯಿತು.

ಆ ಹೊತ್ತಿಗೆ ಮಲಯಾಳ ಪತ್ರಿಕೆಗಳಲ್ಲಿ ಮಕ್ಕಳ ಫೋಟೋಗಳು ಬಂದವು. ಕೋಷ್ಟಕಕ್ಕೆ ಆಗದ ಕೆಲಸ ಫೋಟೋ ಮಾಡಿತು. ಇಡೀ ಕೇರಳ ಕಾಸರಗೋಡಿನ ಕಡೆ ತಿರುಗಿ ನೋಡಿತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಜಿನೀವಾದಲ್ಲಿ ಸೇರಿ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು ದೇಶದಲ್ಲೇ ತಡೆಯಿತು. ಬಾಯಿಮಾತು, ಲೇಖನ, ವೈದ್ಯರ ಪ್ರಶ್ನೆ, ಕೋಷ್ಟಕ, ಫೋಟೋ, ಕೋರ್ಟಿನ ಅರ್ಜಿ. ಒಂದು ಇನ್ನೊಂದರ ಕೆಲಸ ಮಾಡಲು ಆಗುತ್ತಿರಲಿಲ್ಲ. ಫೋಟೋಕ್ಕೂ ಬೆಲೆ ತೆರಬೇಕಾಯಿತು. ಅದರಲ್ಲಿ ಕಾರಣ ಕಾಣುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಆ ಮಕ್ಕಳ ಮುಖವೇ ನಮ್ಮ ಜಿಲ್ಲೆಯ ಗುರುತಾಯಿತು. ಆ ತಾಯಂದಿರು ಮನೆಯೊಳಗಿನ ದುಃಖವನ್ನು ಜಗತ್ತಿಗೆ ತೆರೆದಿಟ್ಟದ್ದು ಸಣ್ಣ ತ್ಯಾಗ ಅಲ್ಲ.

ಅದೇ ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ 1988ರಲ್ಲಿ ಪುತ್ತೂರಿನಿಂದ ಅಡಿಕೆ ಪತ್ರಿಕೆ ಹೊರಟಿತು. ಕೃಷಿಕರ ಕೈಗೇ ಲೇಖನಿ ಕೊಡಬೇಕು ಅನ್ನುವುದು ಅದರ ನಂಬಿಕೆ. ಅಲ್ಲಿಯವರೆಗೆ ಕೃಷಿ ಬರಹ ಅಂದರೆ ಇಲಾಖೆ ಮೇಲಿನಿಂದ ಕೊಡುವ ಸಲಹೆ. ಈಗ ತೋಟದವನು ತೋಟದವನಿಗೆ ಬರೆದ. ಕನ್ನಡದ ಇಂಥ ಕೃಷಿ ಲೇಖನಗಳ ಕೊನೆಗೆ ಒಂದು ಸಾಲು ಇರುತ್ತದೆ, ಕೃಷಿಕರ ಫೋನ್ ನಂಬರ್, ಕರೆ ಮಾಡಬಹುದಾದ ಹೊತ್ತು. ಸುಮ್ನೆ ನೋಡಿದರೆ ಏನೂ ಅಲ್ಲ. ಆದರೆ ಲೇಖನದಿಂದ ಉದುರಿ ಹೋದದ್ದನ್ನು ಕೇಳಿ ತೆಗೆದುಕೊಳ್ಳಲು ಇಟ್ಟ ಬಾಗಿಲು ಅದು. "ನಿಮ್ಮಲ್ಲಿ ಮಣ್ಣು ಎಂಥದ್ದು?" ಅಂತ ರಾತ್ರಿ ಎಂಟಕ್ಕೆ ಫೋನ್ ಮಾಡಿ ಕೇಳಬಹುದು. ಬರೆದವನಿಗೂ ಭಯ ಇರುತ್ತದೆ, ಸುಳ್ಳು ಬರೆದರೆ ಫೋನ್ ಬರುತ್ತದೆ ಅಲ್ವಾ.

ವಾಟ್ಸಾಪ್ ಸಾಲಿಗೆ ಆ ನಂಬರ್ ಇರಲಿಲ್ಲ. ಯಾರು ಬರೆದದ್ದೆಂದು ಗೊತ್ತಿಲ್ಲ, ಯಾವಾಗ ಅಂತ ಗೊತ್ತಿಲ್ಲ, ಕೇಳುವುದು ಯಾರನ್ನು? ಅದೇ ವಾಟ್ಸಾಪಿನಲ್ಲಿ ಇನ್ನೊಂದು ರೂಪವೂ ಇದೆ, ವಾಯ್ಸ್ ಮೆಸೇಜು. ಬರೆಯಲು ಕೂತರೆ ಪೆನ್ನು ಓಡದ ನಮ್ಮ ಹಿರಿಯರು ಅದರಲ್ಲಿ ಐದು ನಿಮಿಷ ಲೀಲಾಜಾಲವಾಗಿ ಹೇಳುತ್ತಾರೆ. "ಹಾಗಲ್ಲ, ನಮ್ಮಲ್ಲಿ ಹೀಗೆ" ಅಂತ ಇನ್ನೊಬ್ಬರು ಕೂಡಲೇ ತಿದ್ದುತ್ತಾರೆ. ಅದನ್ನು ಕೇಳುವಾಗ ನನಗೆ ತಾಳಮದ್ದಳೆಯೇ ನೆನಪಾಗುತ್ತದೆ. ಹುಡುಕಿದರೆ ಸಿಗುವುದಿಲ್ಲ ಅನ್ನುವ ದೋಷವೂ ಅದರದ್ದೇ.

ಸ್ಮರಣ ಸಂಚಿಕೆಯ ಸುರಂಗದ ಲೇಖನವನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ. ಬರೆದವರು ಈಗಿಲ್ಲ, ಅವರ ಮಗಳ ಒಪ್ಪಿಗೆ ಕೇಳಿದ್ದೇನೆ. ಅಪ್ಪನ ಚಾಕುವಿನ ಪರೀಕ್ಷೆಯನ್ನೂ ಈ ವರ್ಷ ಮೇ ತಿಂಗಳಲ್ಲಿ ಒಂದೂವರೆ ಪುಟ ಬರೆದು ನಮ್ಮ ಕೃಷಿಕರ ಗುಂಪಿಗೆ ಹಾಕಿದೆ. ಹಳೇ ಸುಣ್ಣ, ಕೆಂಪು ತುದಿ, ಕಾರಣ, ಎಲ್ಲ ಸೇರಿಸಿ. ಹೆಸರು, ನಂಬರ್ ಕೊಟ್ಟೆ. ಉದ್ದ ಆಯಿತು, ಓದುವವರು ಇಲ್ಲ ಅಂದುಕೊಂಡಿದ್ದೆ.

ಮರುದಿನ ಪೆರ್ಲದ ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ತೋಟದ ಕೆಲಸ ಎಲ್ಲ ಅವರೇ ನೋಡಿಕೊಳ್ಳುವುದಂತೆ. "ನಾನು ಅದ್ದಿ ನೋಡಿದೆ, ಚಾಕು ಕೆಂಪಾಗಲೇ ಇಲ್ಲ. ಆದರೂ ನನಗೆ ಸಂಶಯ. ನಮ್ಮದು ಸ್ಟೀಲಿನ ಚಾಕು, ಅದರಲ್ಲಿ ಗೊತ್ತಾಗುತ್ತದಾ ಅಣ್ಣ?" ಅಂತ ಕೇಳಿದರು.

ನನಗೆ ಅದು ಹೊಳೆದೇ ಇರಲಿಲ್ಲ. ಒಂದು ಲೋಟದಲ್ಲಿ ಬರೀ ತುತ್ತಿನ ನೀರು ಮಾಡಿ ಎರಡು ಚಾಕುಗಳನ್ನೂ ಅದ್ದಿದೆ. ಹಳೇ ಪೀಶಕತ್ತಿ ನೋಡುತ್ತಿದ್ದ ಹಾಗೆ ಕೆಂಪಾಯಿತು. ಅಡುಗೆಮನೆಯ ಹೊಸ ಸ್ಟೀಲ್ ಚಾಕು ಹೊಳೆಯುತ್ತಲೇ ಇತ್ತು. ತುಕ್ಕು ಹಿಡಿಯದ ಚಾಕುವಿನ ಮೈಮೇಲೆ ಒಂದು ತೆಳ್ಳಗಿನ ಪದರ ಇರುತ್ತದೆ, ಅದು ತಾಮ್ರ ಅಂಟಲು ಬಿಡುವುದಿಲ್ಲ. ಅಪ್ಪನ ಕಾಲದಲ್ಲಿ ಚಾಕು ಅಂದರೆ ಕಬ್ಬಿಣದ್ದೇ, ಹಾಗಾಗಿ ಅವರು ಅದನ್ನು ಬೇರೆ ಹೇಳಲಿಲ್ಲ, ನಾನೂ ಬರೆಯಲಿಲ್ಲ. ಪೆರ್ಲದ ಆ ಹೆಂಗಸಿಗೆ ಫೋನ್ ಮಾಡಿ ಕಬ್ಬಿಣದ ಮೊಳೆ ಇದ್ದರೆ ಸಾಕು ಅಂತ ಹೇಳಿದೆ. ಬರೆದದ್ದರಲ್ಲಿ "ತುಕ್ಕು ಹಿಡಿಯುವ ಜಾತಿಯ ಚಾಕು" ಅಂತ ತಿದ್ದಿ, ಕೇಳಿದ್ದು ಅವರು ಅಂತ ಸೇರಿಸಿ, ಮತ್ತೆ ಗುಂಪಿಗೆ ಹಾಕಿದೆ.